ಕಿಚ್ಚು ಹಾಯ್ದ ಕ್ರೇಟಿನ ಎತ್ತು

ಎತ್ತು ಮೊದಲ ಸಲ ಮುಗ್ಗರಿಸಿದ್ದು ಮಂಗಳವಾರ ಬೆಳಿಗ್ಗೆ. ನಾಲ್ಕು ಮಕ್ಕಳು ಒಟ್ಟಿಗೆ ಹಗ್ಗ ಜಗ್ಗಿದರು, ಅದು ಮೂತಿ ಮುಂದಾಗಿ ನೆಲಕ್ಕೆ ಬಿತ್ತು. ಕೋಣೆಯಲ್ಲಿ ಒಂದು ಕ್ಷಣ ಯಾರೂ ಉಸಿರೆತ್ತಲಿಲ್ಲ. "ಅಂಕಲ್, ಅದಕ್ಕೆ ನಿದ್ದೆ ಬಂತು" ಎಂದು ಮುಂದಿನ ಸಾಲಿನ ಹುಡುಗಿ ತೀರ್ಪು ಕೊಟ್ಟಳು. ತಲೆ, ಕೊಂಬು ಇನ್ನೂ ಕೂರಿಸಿರಲಿಲ್ಲ ಎಂಬುದಷ್ಟೇ ನನ್ನ ಪುಣ್ಯ.

ಕೋಲಾರದಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಸಾವಿರ ಅಡಿ ದಾಟಿದ ಕೊಳವೆಬಾವಿಗಳ ಸೀಮೆಯಿದು, ಸುಟ್ಟ ಮೋಟಾರುಗಳಿಗೆ ಬರವಿಲ್ಲ. ತಾಮ್ರದ ತಂತಿ, ವಾರ್ನಿಷ್, ಕಾಟನ್ ಟೇಪು ನನ್ನ ಕೈಗೆ ಗೊತ್ತು, ಮರಗೆಲಸ ಅಷ್ಟಕ್ಕಷ್ಟೆ. ಮನೆಯಾಕೆ ಒಂದು ಶಾಲೆಯಲ್ಲಿ ಎಲ್‌ಕೆಜಿ ಮಕ್ಕಳಿಗೆ ಮಿಸ್. 2024ರಲ್ಲಿ ಸಂಕ್ರಾಂತಿ ಜನವರಿ 15ರ ಸೋಮವಾರ ಬಂದದ್ದರಿಂದ ಹಿಂದಿನ ಇಡೀ ವಾರ ಆಕೆಯ ತರಗತಿಗೆ ಹಬ್ಬದ ಪಾಠಕ್ಕೆ ಸಿಕ್ಕಿತು. ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನ ಮೇಲೆ ಯೋಜನೆ ಬರೆದಿದ್ದಳು: ಸೋಮವಾರ ಅವರೆ ಹಿತುಕುವುದು, ಬುಧವಾರ ಎಳ್ಳುಬೆಲ್ಲ, ಶುಕ್ರವಾರ 12ನೇ ತಾರೀಕು ವಿವೇಕಾನಂದ ಜಯಂತಿ. ಶನಿವಾರದ ಎದುರು ‘ಕಿಚ್ಚು’ (ಹಬ್ಬಕ್ಕೆ ಎತ್ತುಗಳನ್ನು ಹುಲ್ಲಿನ ಬೆಂಕಿ ದಾಟಿಸುವುದು) ಎಂದು ಬರೆದು ಪಕ್ಕದಲ್ಲಿ ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು.

"ರೀ, ಚಿತ್ರ ತೋರಿಸಿ ಮುಗಿಸಬಹುದು. ಆದರೆ ಇಪ್ಪತ್ತೆರಡು ಮಕ್ಕಳಲ್ಲಿ ಕಿಚ್ಚು ಹಾಯಿಸುವುದನ್ನು ಕಣ್ಣಾರೆ ಕಂಡವರು ಇಬ್ಬರೋ ಮೂವರೋ. ಅವರೇ ಎಳೆದುಕೊಂಡು ಹೋಗುವಂತಹ ಒಂದು ಎತ್ತು ಮಾಡಿಕೊಡುತ್ತೀರಾ?"

ಭಾನುವಾರದ ಊಟ ಮುಗಿದಿತ್ತು, ಹಿತಕಿದ ಬೇಳೆ ಸಾರು ಹೊಟ್ಟೆಯಲ್ಲಿತ್ತು. ಆಗಲಿ ಎಂದುಬಿಟ್ಟೆ.

ಮೊದಲ ಎತ್ತು ತರಗತಿಯನ್ನು ನೋಡಲೇ ಇಲ್ಲ. ಅಂಗಡಿಯ ಹಿಂದೆ ಬಿದ್ದಿದ್ದ ಪ್ಯಾಕಿಂಗ್ ಮರದ ರೀಪುಗಳಿಂದ ಚೌಕಟ್ಟು ಹೊಡೆದು ತಕ್ಕಡಿಗೆ ನೇತುಹಾಕಿದೆ: 11 ಕೆ.ಜಿ. ನಾಲ್ಕು ವರ್ಷದ ಮಗುವಿನ ಪಾದದ ಮೇಲೆ 11 ಕೆ.ಜಿ. ಉರುಳಿದರೆ ಹಬ್ಬವೆಲ್ಲ ಆಸ್ಪತ್ರೆಯಲ್ಲಿ. ಅದನ್ನು ಬಿಚ್ಚಿ, ಟೊಮೆಟೊ ಮಂಡಿಯ ಕಡೆ ಹೋಗುವ ಒಬ್ಬ ಗಿರಾಕಿಯ ಬಳಿ ಬಿರುಕು ಬಿಟ್ಟ ಪ್ಲಾಸ್ಟಿಕ್ ಕ್ರೇಟು ಒಂದನ್ನು ಕೇಳಿ ತಂದೆ. 15 ಕೆ.ಜಿ. ಟೊಮೆಟೊ ಹೊತ್ತು ಲಾರಿಯಲ್ಲಿ ಒಂದರ ಮೇಲೊಂದು ಕೂರುವ ಸಾಮಾನು ಅದು. ಬೋರಲು ಹಾಕಿದರೆ ಎತ್ತಿನ ಹೊಟ್ಟೆ ಮತ್ತು ಬೆನ್ನು ತಯಾರು. ಸುತ್ತಲೂ ಕಿಂಡಿಗಳಿರುವುದರಿಂದ ಕೇಬಲ್ ಟೈ ಎಲ್ಲಿ ಬೇಕಾದರೂ ಹಾಕಬಹುದು, ಡ್ರಿಲ್ ಹಿಡಿಯುವ ಕೆಲಸವೇ ಕಡಿಮೆ. ಕಾಲಿಗೆ ಒಂದೂವರೆ ಇಂಚಿನ ಪಿವಿಸಿ ಪೈಪು. ಎಲ್ಲ ಸೇರಿ 4 ಕೆ.ಜಿ. ಒಳಗೆ ನಿಂತಿತು.

ಎತ್ತರ ಎಷ್ಟಿರಬೇಕು ಎಂದು ಕೇಳಿದಾಗ ಆಕೆ ಉತ್ತರ ಹೇಳಲಿಲ್ಲ. ಸೋಮವಾರ ಬೆಳಿಗ್ಗೆ ನನ್ನ ಅಳತೆ ಟೇಪನ್ನೇ ಶಾಲೆಗೆ ಒಯ್ದು, ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಒಬ್ಬೊಬ್ಬರ ಸೊಂಟದ ಎತ್ತರವನ್ನು ಬಣ್ಣದ ಪಟ್ಟಿಯಲ್ಲಿ ಗುರುತು ಮಾಡಿಸಿದಳು. ನನಗೆ ಬೇಕಿದ್ದದ್ದು ಒಂದು ಸಂಖ್ಯೆ. ಆಕೆಗೆ ಅದರಿಂದ ‘ಎತ್ತರ–ಗಿಡ್ಡ’ದ ಪಾಠ ಆಯಿತು. ಪಟ್ಟಿಗಳು 50ರಿಂದ 58 ಸೆಂ.ಮೀ. ನಡುವೆ ಬಂದವು. ಎತ್ತಿನ ಬೆನ್ನನ್ನು 45 ಸೆಂ.ಮೀ.ಗೆ ನಿಲ್ಲಿಸಿದೆ: ಬಗ್ಗದೆ ಸವರಬಹುದು, ಆದರೆ ಹತ್ತಿ ಕೂರುವ ಆಸೆ ಸುಲಭಕ್ಕೆ ಬಾರದು. (ಬಂತು. ಶುಕ್ರವಾರ ಒಬ್ಬ ಹತ್ತಿಯೇ ಹತ್ತಿದ. ಕ್ರೇಟು ತಡೆಯಿತು.)

ಅದೇ ಹೊತ್ತಿಗೆ ಒಳಗೆ ಅವರೆಕಾಯಿ ನಡೆಯುತ್ತಿತ್ತು. ಜನವರಿಯಲ್ಲಿ ನಮ್ಮ ಕಡೆ ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಪ್ರತಿ ಮಗುವಿನ ಚೀಲದಲ್ಲೂ ಹಿಂದಿನ ರಾತ್ರಿ ನೆನೆಹಾಕಿದ ಒಂದು ಹಿಡಿ ಕಾಳು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಕಾಳನ್ನು ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಗಾಳಿಯಲ್ಲಿ. ಪೆನ್ಸಿಲ್ ಹಿಡಿಯುವುದಕ್ಕೂ ಅದೇ ಎರಡು ಬೆರಳ ಹಿಡಿತ ಬೇಕಂತೆ. ಗೀಟು ಎಳೆಯಲು ಅಳುವ ಮಗು ಅರ್ಧ ಗಂಟೆ ಅವರೆ ಹಿತುಕಿದರೂ ಬೇಸರ ಪಡುವುದಿಲ್ಲ ಎಂಬುದು ಆಕೆಯ ಅನುಭವ. ನಾನು ಟೇಪು ಮರಳಿ ಪಡೆಯಲು ಹೋದಾಗ ಫ್ಯಾನಿನ ರೆಕ್ಕೆಯ ಮೇಲೂ ಒಂದು ಬೇಳೆ ಕೂತಿತ್ತು.

ಮುಗ್ಗರಿಸಿದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಎಳೆಯುವ ಆಟಿಕೆ ಮಾಡುವವರು ಯಾರಾದರೂ ಇಲ್ಲೇ ಎಡವುತ್ತಾರೆ. ನಾನು ಎರಡು ತಪ್ಪು ಮಾಡಿದ್ದೆ. ಮೊದಲನೆಯದು, ಹಳೆಯ ಕುರ್ಚಿಯೊಂದರ ತಿರುಗುವ ಗಾಲಿಗಳನ್ನು ನಾಲ್ಕೂ ಕಾಲಿಗೆ ಹಾಕಿದ್ದು. ನಯವಾಗಿ ಓಡುತ್ತವೆ ನಿಜ, ಆದರೆ ನಾಲ್ಕೂ ತಮಗೆ ತೋಚಿದ ದಿಕ್ಕಿಗೆ ಓಡುತ್ತವೆ. ಎಡಗಡೆಯ ಮಗು ಜೋರಾಗಿ ಎಳೆದರೆ ಎತ್ತು ಏಡಿಯಂತೆ ಅಡ್ಡ ನಡೆಯುತ್ತಿತ್ತು. ಎರಡನೆಯದು, ಹಗ್ಗವನ್ನು ಎತ್ತಿಗೆ ಕಟ್ಟುವ ಜಾಗದಲ್ಲಿ, ಅಂದರೆ ಕೊರಳಲ್ಲಿ ಕಟ್ಟಿದ್ದು. ಎಳೆತ ನೆಲದಿಂದ ಅರ್ಧ ಮೀಟರ್ ಮೇಲೆ, ತಡೆಯುವ ಗಾಲಿ ನೆಲದಲ್ಲಿ. ಗಾಲಿ ಒಂದು ಸಣ್ಣ ಕಲ್ಲಿಗೆ ತಾಗಿದರೂ ಸಾಕು, ಇಡೀ ಮೈ ಮುಂಗಾಲ ಮೇಲೆ ಮಗುಚುತ್ತದೆ.

ಅಂದು ರಾತ್ರಿ ತಿರುಗುವ ಗಾಲಿಗಳನ್ನು ಕಿತ್ತೆಸೆದೆ. 12 ಮಿ.ಮೀ. ಪ್ಲೈವುಡ್ಡನ್ನು ಎರಡು ಪದರ ಅಂಟಿಸಿ 12 ಸೆಂ.ಮೀ. ವ್ಯಾಸದ ನಾಲ್ಕು ಚಕ್ರ ಕತ್ತರಿಸಿದೆ. ಅಂಚಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದೆ. ಇಲ್ಲದಿದ್ದರೆ ಶಾಲೆಯ ನುಣುಪು ಟೈಲ್ಸ್ ಮೇಲೆ ಚಕ್ರ ಜಾರುತ್ತದೆ, ಉರುಳುವುದಿಲ್ಲ. ಮುಂದೊಂದು ಹಿಂದೊಂದು 10 ಮಿ.ಮೀ. ಕಂಬಿ ಅಚ್ಚು, ಎರಡರ ನಡುವೆ 45 ಸೆಂ.ಮೀ. ಹಗ್ಗವನ್ನು ಮುಂದಿನ ಅಚ್ಚಿಗೇ ಕಟ್ಟಿ, ತುದಿಗೆ ಪೊರಕೆ ಕೋಲಿನ ಅಡ್ಡ ತುಂಡು ಹಾಕಿದೆ. ನಾಲ್ಕು ಮಕ್ಕಳು ಅಕ್ಕಪಕ್ಕ ನಿಂತು ಕೋಲು ಹಿಡಿದು ಎಳೆಯಬಹುದು, ಯಾರ ಕುತ್ತಿಗೆಗೂ ಹಗ್ಗ ಸುತ್ತಿಕೊಳ್ಳುವುದಿಲ್ಲ. ಬುಧವಾರ ಎತ್ತು ನೆಟ್ಟಗೆ ನಡೆಯಿತು. ಆದರೆ ಹಳ್ಳಿಯಿಂದ ಬರುವ ಒಬ್ಬ ಹುಡುಗ, ಮನೆಯಲ್ಲಿ ನಿಜವಾದ ಜೋಡಿ ಎತ್ತು ಇರುವವನು, ಸೊಂಟದ ಮೇಲೆ ಕೈಯಿಟ್ಟು ನಿಂತ. "ನಮ್ಮ ತಾತನ ಎತ್ತಿಗೆ ಹಗ್ಗ ಮೂಗಿನಲ್ಲಿದೆ. ಇದಕ್ಕೆ ಕಾಲಲ್ಲಿ ಯಾಕಿದೆ?" ಬಲದ ಲೆಕ್ಕ ವಿವರಿಸುವ ಬದಲು, ತಲೆ ಬಂದ ಮೇಲೆ ಕೆಂಪು ನೂಲಿನ ಮೂಗುದಾರವನ್ನೂ ಹಾಕುತ್ತೇನೆ ಎಂದೆ. ಎಳೆಯುವ ಹಗ್ಗ ಬೇರೆ, ಮರ್ಯಾದೆಯ ಹಗ್ಗ ಬೇರೆ.

ಬಣ್ಣದ ವಿಷಯದಲ್ಲೂ ಸೋತೆ. ನನ್ನ ಮನಸ್ಸಿನಲ್ಲಿದ್ದದ್ದು ಹಳ್ಳಿಕಾರ್ ತಳಿ: ಬೂದು ಮೈ, ನೆತ್ತಿಯಿಂದ ಹಿಂದಕ್ಕೆ ನೀಳವಾಗಿ ಹೋಗಿ ತುದಿಯಲ್ಲಿ ಮುಂದಕ್ಕೆ ಬಾಗುವ ಕೊಂಬು. ಬೂದು ಬಣ್ಣ ಬಳಿದ ಕ್ರೇಟನ್ನು ನೋಡಿ ಮಕ್ಕಳಲ್ಲಿ ಅರ್ಧ ಮಂದಿ ‘ಆನೆ’ ಎಂದರು, ಉಳಿದವರು ಕಪ್ಪು ಮಚ್ಚೆ ಎಲ್ಲಿ ಎಂದು ಕೇಳಿದರು. ತಪ್ಪು ಅವರದಲ್ಲ. ಹಾಲಿನ ಜಿಲ್ಲೆಯಲ್ಲಿ ಹುಟ್ಟಿ ಬೆಳೆಯುವ ಮಗು ದಿನವೂ ಕಾಣುವುದು ಕಪ್ಪು ಬಿಳುಪಿನ ಸೀಮೆಹಸುವನ್ನು. ಉಳುವ ಎತ್ತು ಜಾತ್ರೆಗೋ ಅಜ್ಜನ ಮನೆಗೋ ಸರಿದಿದೆ. ಕೊನೆಗೆ ಆಕೆ ಒಂದು ಸಂಧಾನ ಮಾಡಿದಳು: ಎಡ ಮಗ್ಗುಲು ಹಳ್ಳಿಕಾರ್, ಬಲ ಮಗ್ಗುಲು ಮಕ್ಕಳದು. ಬಲ ಮಗ್ಗುಲಿನ ಮೇಲೆ ಇಪ್ಪತ್ತೆರಡು ಕಪ್ಪು ಅಂಗೈ ಗುರುತು ಬಿದ್ದವು. ಕೆಚ್ಚಲು ಎಲ್ಲಿ ಎಂದು ಒಬ್ಬಳು ಕೇಳಿದ್ದಕ್ಕೆ ಮಿಸ್ ಏನು ಹೇಳಿದರೋ, ನಾನು ಆಗ ಚಕ್ರಕ್ಕೆ ಗ್ರೀಸ್ ಹಾಕುವ ನೆಪದಲ್ಲಿ ಹೊರಗಿದ್ದೆ.

ತಲೆ ನಿಜವಾಗಿ ಕಾಡಿತು. ರಟ್ಟಿನ ಅಚ್ಚಿನ ಮೇಲೆ ಸುದ್ದಿಪತ್ರಿಕೆಯ ಚೂರುಗಳನ್ನು ಮೈದಾ ಅಂಟಿನಲ್ಲಿ ಅದ್ದಿ ಆರು ಪದರ ಮೆತ್ತಿದ್ದೆ. ಹಳೆಯ ಪದ್ಧತಿಯಂತೆ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿದರೆ ಬೂಸ್ಟು ಬರುವುದಿಲ್ಲ, ಹುಳ ಮುಟ್ಟುವುದಿಲ್ಲ. ಪುಡಿಯ ಪೊಟ್ಟಣ ಕೈಯಲ್ಲಿ ಹಿಡಿದದ್ದನ್ನು ಮನೆಯಾಕೆ ಕಂಡಳು. "ಅದು ವಿಷ ಅಲ್ಲವೇನ್ರೀ? ಇವರು ಎತ್ತಿನ ಮೂತಿಗೆ ಮುತ್ತು ಕೊಡುವ ವಯಸ್ಸಿನವರು." ಪೊಟ್ಟಣ ಅಲಮಾರಿನ ಮೇಲಟ್ಟಕ್ಕೆ ಹೋಯಿತು. ವಿಷ ಹಾಕಬಾರದೆಂದ ಮೇಲೆ ಬೇಗ ಒಣಗಿಸುವುದೊಂದೇ ದಾರಿ. ಜನವರಿಯ ಕೋಲಾರದಲ್ಲಿ ಬೆಳಿಗ್ಗೆ ಒಂಬತ್ತರವರೆಗೆ ಬೆಟ್ಟವೇ ಮಂಜಿನಲ್ಲಿರುತ್ತದೆ. ಬುಧವಾರ ಬೆಳಿಗ್ಗೆ ತಲೆ ಹಿಂದಿನ ರಾತ್ರಿ ಇಟ್ಟಂತೆಯೇ ಒದ್ದೆಯಾಗಿತ್ತು, ಹುಳಿ ವಾಸನೆ ಬೇರೆ.

ಅಂಗಡಿಯಲ್ಲಿ ವಾರ್ನಿಷ್ ಹಾಕಿದ ಸ್ಟೇಟರ್, ಅಂದರೆ ಮೋಟಾರಿನ ತಂತಿ ಸುತ್ತುವ ಭಾಗ, ಒಣಗಿಸಲು ಬಲ್ಬು ಜೋಡಿಸಿದ ತಗಡಿನ ಪೆಟ್ಟಿಗೆಯಿದೆ. ಅದರೊಳಗೆ ಇಡಲು ಕೈ ಹೋಯಿತು, ಮೂಗು ತಡೆಯಿತು. ವರ್ಷಗಳ ವಾರ್ನಿಷ್ ಹಬೆ ಕಾಗದಕ್ಕೆ ಹತ್ತಿದರೆ ಮೈಲುತುತ್ತ ಬಿಟ್ಟು ಏನು ಪ್ರಯೋಜನ? ಫ್ಯಾನ್ ಬಂದಿದ್ದ ದೊಡ್ಡ ರಟ್ಟಿನ ಪೆಟ್ಟಿಗೆ ತೆಗೆದುಕೊಂಡು, ಮೇಲೂ ಕೆಳಗೂ ಗಾಳಿಗೆ ತೂತು ಮಾಡಿ, ಹೋಲ್ಡರಿನಲ್ಲಿ 100 ವ್ಯಾಟಿನ ಹಳೆಯ ಬಲ್ಬೊಂದನ್ನು ರಟ್ಟಿಗೆ ತಾಗದಂತೆ ನೇತುಹಾಕಿದೆ. ಇನ್ನೊಂದು ಕೆಲಸವನ್ನು ಮೊದಲೇ ಮಾಡಬೇಕಿತ್ತು: ತಲೆಯ ಹಿಂಭಾಗವನ್ನು ಬ್ಲೇಡಿನಲ್ಲಿ ಕೊಯ್ದು ಒಳಗಿನ ರಟ್ಟನ್ನು ಎಳೆದು ತೆಗೆದೆ. ನೀರೆಲ್ಲ ಕೂತಿದ್ದದ್ದು ಆ ರಟ್ಟಿನಲ್ಲಿ. ಟೊಳ್ಳಾದ ಮೇಲೆ ಎರಡೂ ಕಡೆಯಿಂದ ಒಣಗಿ, ಸಂಜೆಗೆ ಬೆರಳಲ್ಲಿ ತಟ್ಟಿದರೆ ತಮಟೆಯ ಸದ್ದು ಬಂತು. ಪೆಟ್ಟಿಗೆಯ ಪಕ್ಕದಿಂದ ನಾನು ಏಳಲಿಲ್ಲ, ಎರಡು ಮೋಟಾರಿನ ಕೆಲಸ ಅಂದು ಹಿಂದೆ ಬಿತ್ತು.

ಕೊಂಬಿಗೆ ಮಾತ್ರ ನನ್ನ ಕಸುಬು ಕೈಹಿಡಿಯಿತು. ಮಗು ಬಗ್ಗಿದರೆ ಕೊಂಬಿನ ತುದಿ ನೇರ ಕಣ್ಣಿನ ಎದುರು. ಮರ, ತಂತಿ ಎರಡನ್ನೂ ಬಿಟ್ಟು, ಏಸಿ ಪೈಪಿಗೆ ಹೊದಿಸುವ ಕಪ್ಪು ಸ್ಪಂಜಿನ ಕೊಳವೆ ತಂದೆ. ಒತ್ತಿದರೆ ಬಾಗಿ ಮತ್ತೆ ಎದ್ದು ನಿಲ್ಲುತ್ತದೆ. ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ, ಒಣಗಿದೊಡನೆ ಹೊಪ್ಪಳಿಕೆಯಾಗಿ ಉದುರುತ್ತದೆ. ಹಾಗಾಗಿ ಕಾಯಿಲ್ ಕಟ್ಟುವ ಕಾಟನ್ ಟೇಪನ್ನು ಅರ್ಧಕ್ಕರ್ಧ ಮೇಲೆ ಬರುವಂತೆ ಸುತ್ತಿ, ಅದರ ಮೇಲೆ ಬಣ್ಣ ಹಚ್ಚಿದೆ. ಟೇಪನ್ನು ಒಂದು ಕಡೆ ಬಿಗಿಯಾಗಿ, ಇನ್ನೊಂದು ಕಡೆ ಸಡಿಲವಾಗಿ ಎಳೆದರೆ ಕೊಳವೆ ತಾನಾಗಿ ಬಾಗುತ್ತದೆ. ಹಳ್ಳಿಕಾರ್ ಕೊಂಬಿನ ತಿರುವು ಹಾಗೆ ಬಂತು. ತುದಿಗೆ ಹಿತ್ತಾಳೆ ಅಣಸಿನ ಬದಲು ರಬ್ಬರ್ ಬುಷ್, ಅದಕ್ಕೆ ಚಿನ್ನದ ಬಣ್ಣ. ಈ ಒಂದು ಕೆಲಸದ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯಿದೆ, ಯಾರೂ ಗಮನಿಸದಿದ್ದರೂ.

ಬುಧವಾರದ ಎಳ್ಳುಬೆಲ್ಲವನ್ನು ಬೇಗ ಹೇಳಿ ಮುಗಿಸುತ್ತೇನೆ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ ಎಲ್ಲವನ್ನೂ ಬೆರೆಸಿ ಕೊಟ್ಟು, ಬೇರೆ ಬೇರೆ ಬಟ್ಟಲಿಗೆ ವಿಂಗಡಿಸಿ ಎಂದಳು. ಐದು ಬಟ್ಟಲು, ಐದು ಬಣ್ಣ, ಐದು ರುಚಿ. ಬೀಜವನ್ನು ಗಂಟಲಿಗೆ ಸಿಕ್ಕದಂತೆ ಮೊದಲೇ ಪುಡಿಪುಡಿ ಮಾಡಿಸಿದ್ದಳು. ಬೆಲ್ಲದ ಬಟ್ಟಲು ಕೊನೆಯವರೆಗೂ ತುಂಬಲಿಲ್ಲ. ಕಾರಣ ಎಲ್ಲರ ಬಾಯಲ್ಲಿತ್ತು.

ಗುರುವಾರ ತಲೆ ಕೂರಿಸಿಕೊಂಡು ಹೋದೆ. ಚಪ್ಪಾಳೆ ನಿರೀಕ್ಷಿಸಿದ್ದೆ. ಮೂಗುದಾರದ ಹುಡುಗ ಒಪ್ಪಿಗೆಯ ತಲೆ ಆಡಿಸಿದ. ಆದರೆ ನಿದ್ದೆ ಬಂತೆಂದಿದ್ದ ಆ ಹುಡುಗಿ ಎತ್ತಿನ ಬಾಯೊಳಗೆ ಬೆರಳು ಹಾಕಿ ನೋಡಿ, "ಇದರಲ್ಲಿ ನೀರು ಯಾಕೆ ಬರುವುದಿಲ್ಲ?" ಎಂದಳು. ಅವಳು ನೋಡಿರುವ ಬಸವ ಅಂತರಗಂಗೆಯದು. ಶತಶೃಂಗ ಬೆಟ್ಟದ ಮೆಟ್ಟಿಲು ಹತ್ತಿ ಹೋದರೆ ಕಲ್ಲಿನ ಬಸವನ ಬಾಯಿಂದ ಕಲ್ಯಾಣಿಗೆ ನೀರು ಬೀಳುತ್ತದೆ. ಕೋಲಾರದ ಮಕ್ಕಳು ಅಪ್ಪನ ಹೆಗಲ ಮೇಲೆ ಕೂತು ಅದನ್ನು ನೋಡಿರುತ್ತಾರೆ. ಬಸವ ಎಂದರೆ ಬಾಯಲ್ಲಿ ನೀರು ಬರಬೇಕು. ಅವಳ ಪಕ್ಕದವನೂ ಹೌದೆಂದ. ಐದು ನಿಮಿಷದಲ್ಲಿ ಇಡೀ ತರಗತಿ ಹೌದೆಂದಿತು.

ನನ್ನ ಬಳಿ ಇದ್ದದ್ದು ಒಂದು ರಾತ್ರಿ. ಹೊಟ್ಟೆಯಲ್ಲಿ ಬೇಕಾದಷ್ಟು ಜಾಗವಿದೆ, ನೀರಿನ ಬಾಟಲಿ ಅಲ್ಲಿಡೋಣವೆಂದು ಅರ್ಧ ಕೆಲಸ ಮಾಡಿದ ಮೇಲೆ ತಲೆಗೆ ಹೊಳೆಯಿತು: ಹೊಟ್ಟೆ ಬಾಯಿಗಿಂತ ಕೆಳಗೆ. ಪಂಪಿನವನಿಗೆ ಈ ಮರೆವು ಬರಬಾರದಿತ್ತು. ಮೋಟಾರು ಹಾಕದೆ ನೀರು ತಾನಾಗಿ ಇಳಿಯಬೇಕಾದರೆ ತೊಟ್ಟಿ ಬಾಯಿಗಿಂತ ಮೇಲಿರಬೇಕು, ಎತ್ತಿನ ಮೈಯಲ್ಲಿ ಬಾಯಿಗಿಂತ ಮೇಲಿರುವುದು ಡುಬ್ಬ. ಅರ್ಧ ಲೀಟರಿನ ಬಾಟಲಿಯನ್ನು ಡುಬ್ಬದೊಳಗೆ ಬೋರಲು ಕೂರಿಸಿ, ಮುಚ್ಚಳದಿಂದ ಮೀನಿನ ತೊಟ್ಟಿಯ ಗಾಳಿಕೊಳವೆಯನ್ನು ಕೊರಳೊಳಗಿಂದ ಬಾಯಿಗೆ ತಂದೆ. ಕಿವಿಯ ಹಿಂದೆ ಸಣ್ಣದೊಂದು ತಿರುಪು ನಲ್ಲಿ. ನೀರು ಹತ್ತು ಹನಿ ಬಿದ್ದು ನಿಂತಿತು. ಬಾಟಲಿಯೊಳಗೆ ಗಾಳಿ ಹೋಗಲು ದಾರಿಯಿಲ್ಲದಿದ್ದರೆ ನೀರು ಹೊರಬರುವುದಿಲ್ಲ. ಮೇಲೆ ಬಂದ ಬಾಟಲಿಯ ತಳಕ್ಕೆ ಸೂಜಿ ಕಾಸಿ ಒಂದು ತೂತು ಚುಚ್ಚಿದೊಡನೆ ಧಾರೆ ಬಂತು.

ಧಾರೆ ಕೊಳವೆಯ ತುದಿಯಿಂದ ಹಿಂದಕ್ಕೆ ಜಾರಿ ಗದ್ದಕ್ಕೂ ಬಂತು, ಗದ್ದ ಕಾಗದದ್ದು. ಶುಕ್ರವಾರ ಬೆಳಿಗ್ಗೆ ಕೆಳದವಡೆ ನೆನೆದ ರಸ್ಕಿನಂತಾಗಿತ್ತು. ಮೆತ್ತಗಾದ ಭಾಗವನ್ನು ಕೆರೆದು ತೆಗೆದು, ಎಂ-ಸೀಲ್ ಕಲಸಿ ಹೊಸ ದವಡೆ ಕೂರಿಸಿ, ಕೊಳವೆಯನ್ನು ತುಟಿಯಿಂದ 2 ಸೆಂ.ಮೀ. ಮುಂದಕ್ಕೆ ಚಾಚಿ ತುದಿಯನ್ನು ಓರೆಯಾಗಿ ಕತ್ತರಿಸಿದೆ. ಓರೆ ತುದಿಯಿಂದ ನೀರು ಹಿಂದಕ್ಕೆ ಜಾರುವುದಿಲ್ಲ. ದವಡೆ ಈಗ ಉಳಿದ ತಲೆಗಿಂತ ಗಟ್ಟಿ.

ಇನ್ನು ಕಿಚ್ಚು. ನಿಜವಾದ ಹುಲ್ಲಿನ ಬೆಂಕಿಯ ಮಾತೇ ಇಲ್ಲ. ಕಂಪ್ಯೂಟರಿನೊಳಗಿನ 12 ವೋಲ್ಟ್ ಫ್ಯಾನನ್ನು ಅಂಗಾತ ಮಲಗಿಸಿ, ಅದರ ಸುತ್ತ ಕಿತ್ತಳೆ ಬಣ್ಣದ ಎಲ್‌ಇಡಿ ಪಟ್ಟಿ ಅಂಟಿಸಿ, ಮೇಲೆ ಬಟ್ಟೆಯ ನಾಲಿಗೆಗಳನ್ನು ಕಟ್ಟುವುದು ಯೋಜನೆ. ಪಟ್ಟಿಯನ್ನು ಮೂರು ಮೂರು ದೀಪಕ್ಕೊಮ್ಮೆ ಗುರುತಿರುವ ಕಡೆಯೇ ಕತ್ತರಿಸಬೇಕು. ನಡುವೆ ಕತ್ತರಿಸಿದರೆ ಆ ತುಂಡು ಸತ್ತಂತೆ. ಮೊದಲು ಕ್ರೇಪ್ ಕಾಗದ ಹಾಕಿದೆ, ಎದ್ದೇಳಲಿಲ್ಲ, ಬಾಡಿದ ಸೊಪ್ಪಿನಂತೆ ತೂಗಾಡಿತು. ಮನೆಯಾಕೆ ಹರಿದ ತೆಳು ರೇಷ್ಮೆ ದುಪಟ್ಟಾ ತಂದು ಮುಂದಿಟ್ಟಳು. ಅದು ಚೂಪು ಚೂಪಾಗಿ ಎದ್ದು ನಡುಗಿತು, ಆದರೆ ಪೆಟ್ಟಿಗೆಯನ್ನು ನೆಲಕ್ಕಿಟ್ಟೊಡನೆ ಮಲಗಿತು. ಕೆಳಗಿನಿಂದ ಫ್ಯಾನಿಗೆ ಗಾಳಿ ಸಿಗುತ್ತಿರಲಿಲ್ಲ. ನಾಲ್ಕು ಮೂಲೆಗೆ ರಬ್ಬರ್ ಗುಂಡಿ ಕೊಟ್ಟು ಮೂರು ಬೆರಳಷ್ಟು ಎತ್ತಿದ ಮೇಲೆ ಉರಿಯಿತು ಎಂದೇ ಹೇಳಬೇಕು. ರೆಕ್ಕೆಗೆ ಬೆರಳು ಸಿಗದಂತೆ ಮೇಲೂ ಕೆಳಗೂ ತಂತಿ ಜಾಲರಿ.

ಎತ್ತು ಅದನ್ನು ದಾಟುವುದು ಹೇಗೆ? ಗ್ಯಾರೇಜಿನಲ್ಲಿ ಕಾರು ಹತ್ತಿಸುವ ಎರಡು ಹಲಗೆಗಳಿವೆಯಲ್ಲ, ಅದೇ ಉಪಾಯ. ಎರಡು ಹಲಗೆ, ನಡುವೆ ಕಿಚ್ಚಿನ ಪೆಟ್ಟಿಗೆ. ಚಕ್ರ ಹಲಗೆಯ ಮೇಲೆ, ಜ್ವಾಲೆ ಹೊಟ್ಟೆಯ ಕೆಳಗೆ. ಹಲಗೆಯ ಎತ್ತರ 9 ಸೆಂ.ಮೀ. ಇಳಿಜಾರನ್ನು ಮೊದಲು 30 ಸೆಂ.ಮೀ. ಉದ್ದ ಕೊಟ್ಟಿದ್ದೆ, ಮಕ್ಕಳು ಅರ್ಧ ಹತ್ತಿಸಿ ಕೈ ಸೋತು ಬಿಟ್ಟರು, ಎತ್ತು ಹಿಂದಕ್ಕೆ ಬಂದು ನನ್ನ ಮೊಣಕಾಲಿಗೆ ಹಾಯ್ದಿತು. 60 ಸೆಂ.ಮೀ.ಗೆ ಹೆಚ್ಚಿಸಿದ ಮೇಲೆ ಸಲೀಸು. ಹಲಗೆಯ ಅಂಚಿಗೆ ಬೀಡಿಂಗ್ ಪಟ್ಟಿ ಹೊಡೆದದ್ದರಿಂದ ಚಕ್ರ ಪಕ್ಕಕ್ಕೆ ಜಾರುವುದಿಲ್ಲ. ಶುಕ್ರವಾರದ ಈ ಪರೀಕ್ಷೆಗೆ ಬಂದ ಇಪ್ಪತ್ತೆರಡು ಮಂದಿಯೂ ಪುಟ್ಟ ವಿವೇಕಾನಂದರು. ಮಧ್ಯಾಹ್ನದ ಹೊತ್ತಿಗೆ ಕಾವಿ ಪೇಟಗಳೆಲ್ಲ ಬಿಚ್ಚಿಹೋಗಿದ್ದವು, ಅವುಗಳಲ್ಲಿ ಎರಡು ಎತ್ತಿನ ಬೆನ್ನಿಗೆ ಜೂಲಾದವು.

ಶನಿವಾರ ಅರ್ಧ ದಿನ. ಮಕ್ಕಳೆಲ್ಲ ಲಂಗ, ಪಂಚೆ, ಕೆಲವರಿಗೆ ಮೀಸೆಯೂ. ಹತ್ತು ಗಂಟೆಗೆ ಪೋಷಕರು ಬಂದು ಗೋಡೆಗೊರಗಿ ನಿಂತರು, ಕಬ್ಬಿನ ಜಲ್ಲೆ ಕಟ್ಟಾಯಿತು, ಹತ್ತೂ ಹತ್ತಕ್ಕೆ ಕರೆಂಟು ಹೋಯಿತು. ಕಿಚ್ಚು ತಣ್ಣಗೆ ಮಲಗಿತು. ಶಾಲೆಯ ಆಯಾ ನಿಜವಾದ ಹುಲ್ಲು ತರಲೇ ಎಂದು ಕೇಳಿದರು. ಮಿಸ್ ಅವರ ಕಡೆ ನೋಡಿದ ನೋಟಕ್ಕೇ ಹುಲ್ಲು ಹೊತ್ತಿಕೊಳ್ಳಬೇಕಿತ್ತು. ನನಗೆ ಆತಂಕವಿರಲಿಲ್ಲ. ಫ್ಯಾನು, ದೀಪ ಎರಡನ್ನೂ 12 ವೋಲ್ಟಿನದೇ ಆರಿಸಿದ್ದೆ. ಸ್ಕೂಟರಿನಲ್ಲಿ ಅಂಗಡಿಗೆ ಹೋಗಿ ಯುಪಿಎಸ್‌ನ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ತಂದು ನೇರ ಸಿಕ್ಕಿಸಿದೆ. ಎರಡೂ ಸೇರಿ ಒಂದು ಆಂಪಿಯರ್ ಕೂಡ ಎಳೆಯುವುದಿಲ್ಲ, ಗಂಟೆಗಟ್ಟಲೆ ಉರಿಯುತ್ತದೆ. ಮೊದಲ ಸಲ ತಂತಿ ಅದಲುಬದಲಾಗಿ ಏನೂ ಆಗಲಿಲ್ಲ, ಬದಲಿಸಿದೆ, ಕಿಚ್ಚು ಎದ್ದಿತು. ಕರೆಂಟಿಲ್ಲದ ಮಬ್ಬು ಕೋಣೆಯಲ್ಲಿ ಅದು ಶುಕ್ರವಾರಕ್ಕಿಂತ ಚೆನ್ನಾಗಿ ಕಂಡಿತು.

ನಾಲ್ಕು ನಾಲ್ಕು ಜನರಂತೆ ಎಳೆದರು. ಕೊರಳ ಗಂಟೆ ಸದ್ದು ಮಾಡಿತು, ಎತ್ತು ಹತ್ತಿತು, ರೇಷ್ಮೆಯ ಉರಿ ಹೊಟ್ಟೆಯನ್ನು ಸವರಿತು, ಎತ್ತು ಇಳಿಯಿತು. ಆಚೆ ಕಡೆ ಕೊಡವೊಂದನ್ನು ಇಟ್ಟುಕೊಂಡು ಆ ಹುಡುಗಿ ಕಾದಿದ್ದಳು. ಕಿವಿಯ ಹಿಂದಿನ ನಲ್ಲಿ ತಿರುವಲು ಅವಳಿಗೆ ಮಾತ್ರ ಅಧಿಕಾರ. ಆರು ಸರದಿ ಮುಗಿದ ಮೇಲೂ ಯಾರೂ ಮನೆಗೆ ಹೊರಡಲಿಲ್ಲ. ಒಬ್ಬ ಅಜ್ಜ ಮೊಮ್ಮಗನನ್ನು ಬದಿಗೆ ಸರಿಸಿ ತಾವೇ ಒಂದು ಸಲ ಹಗ್ಗ ಹಿಡಿದರು.

ಹಬ್ಬ ಮುಗಿದ ಮಂಗಳವಾರ ಎತ್ತು ರಿಪೇರಿಗೆ ಅಂಗಡಿಗೆ ಬಂತು. ಎಡಗೊಂಬು ಬುಡದಲ್ಲಿ ಸಡಿಲ, ಹಿಂದಿನ ಚಕ್ರದ ಟ್ಯೂಬು ಎದ್ದಿದೆ, ಬಾಯಲ್ಲಿ ನೀರು ಬರುತ್ತಿಲ್ಲ. ಮೊದಲೆರಡು ಹತ್ತು ನಿಮಿಷದ ಕೆಲಸ. ಕೊಳವೆಯೊಳಗೆ ವೈಂಡಿಂಗ್ ತಂತಿ ತೂರಿಸಿದರೆ ಅರ್ಧಕ್ಕೆ ಏನೋ ತಡೆಯಿತು, ಮೆತ್ತಗೆ, ಅಂಟಂಟಾಗಿ. ಬಿಸಿನೀರು ಹುಯ್ದು ಕಾಯ್ದೆ. ಮೊದಲು ಕಂದು ನೀರು ಹನಿಯಿತು, ಆಮೇಲೆ ಬಿಳಿ ಎಳ್ಳು, ಒಂದೊಂದಾಗಿ.